ಯಾವೂರಾಯ್ತು?



ಕೊಣನೂರಿನ ಬಸ್ ನಿಲ್ದಾಣದಲ್ಲಿ ಐದು ನಿಮಿಷ ಕೂತರೆ ಸಾಕು, ಪಕ್ಕದಲ್ಲಿ ಕೂತವರು ಕೇಳಿಯೇ ಕೇಳುತ್ತಾರೆ: "ಯಾವೂರಾಯ್ತು ತಮ್ದು?" ಹೆಸರು ಕೇಳುವುದು ಆಮೇಲೆ. ಈ ಪ್ರಶ್ನೆಗೆ ನಾನು ಪ್ರತಿಸಲವೂ ಒಂದು ಗಳಿಗೆ ತಡವರಿಸುತ್ತೇನೆ. ನಾನು ಹುಟ್ಟಿದ್ದು ಕೊಣನೂರು ಹೋಬಳಿಯ ಒಂದು ಹಳ್ಳಿಯಲ್ಲಿ. ಕೊಟ್ಟಿದ್ದು ಹೊಳೆನರಸೀಪುರಕ್ಕೆ. ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಹೇಳಿಕೊಂಡು ಸಂಬಳ ಎಣಿಸಿದ್ದು ಹಾಸನದಲ್ಲಿ. ಮೂರನ್ನೂ ಹೇಳಿ ಮುಗಿಸಿದರೆ ಕೇಳಿದವರಿಗೆ ಸಮಾಧಾನವಿಲ್ಲ. "ಅದಾಯ್ತು ಕಣಮ್ಮ, ಸ್ವಂತ ಊರು ಯಾವ್ದು?" ಅನ್ನುತ್ತಾರೆ.

ಸ್ವಂತ ಊರು ಅನ್ನುವ ಈ ಎರಡು ಪದಕ್ಕೆ ವರ್ಷಕ್ಕೆ ಕೋಟಿಗಟ್ಟಲೆ ರೂಪಾಯಿ ಬೆಲೆ ಬರಬಹುದು ಅನ್ನುವುದು ನನಗೆ ಸರಿಯಾಗಿ ತಿಳಿದದ್ದು 2022ರ ಏಪ್ರಿಲ್‌ನಲ್ಲಿ. ಆ ತಿಂಗಳ 6ನೇ ತಾರೀಕು ಲಂಡನ್ನಿನ 'ದಿ ಇಂಡಿಪೆಂಡೆಂಟ್' ಒಂದು ಸುದ್ದಿ ಹೊರಗೆ ಹಾಕಿತು. ಬ್ರಿಟನ್ನಿನ ಆಗಿನ ಹಣಕಾಸು ಮಂತ್ರಿ ರಿಷಿ ಸುನಕ್ ಅವರ ಪತ್ನಿ ಅಕ್ಷತಾ ಮೂರ್ತಿಯವರು ಆ ದೇಶದ ತೆರಿಗೆ ಕಾನೂನಿನ ಪ್ರಕಾರ 'ನಾನ್-ಡಾಮ್' ಎಂದು. ಅಂದರೆ ವಾಸ ಲಂಡನ್ನಿನಲ್ಲಾದರೂ ಅವರ ಸ್ವಂತ ಊರು ಅದಲ್ಲ ಎಂದು ತೆರಿಗೆಯ ಲೆಕ್ಕದಲ್ಲಿ ಎಣಿಸಲಾಗುತ್ತಿತ್ತು.

ಅಕ್ಷತಾ ಅವರು ಯಾರೆಂದು ನಮ್ಮ ಕೇಳುಗರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ತಂದೆ ಶಿಡ್ಲಘಟ್ಟದ ನಾರಾಯಣ ಮೂರ್ತಿ, ತಾಯಿ ಶಿಗ್ಗಾಂವಿಯ ಸುಧಾ ಮೂರ್ತಿ. ಮಗಳು ಹುಟ್ಟಿದ್ದು 1980ರಲ್ಲಿ ಹುಬ್ಬಳ್ಳಿಯಲ್ಲಿ. ಮರುವರ್ಷ ಪುಣೆಯಲ್ಲಿ ಇನ್ಫೋಸಿಸ್ ಹುಟ್ಟಿತು. ಸುಧಾ ಅವರು ಕೂಡಿಟ್ಟಿದ್ದ 10,000 ರೂಪಾಯಿಯೇ ಅದರ ಮೊದಲ ಬಂಡವಾಳ ಅನ್ನುವ ಕಥೆ ನಮ್ಮ ಶಾಲೆಯ ಮಕ್ಕಳಿಗೂ ಬಾಯಿಪಾಠ. ಆ ಕಂಪನಿಯ ಶೇಕಡಾ ಒಂದಕ್ಕಿಂತ ತುಸು ಕಡಿಮೆ, 0.9ರ ಆಸುಪಾಸು, ಪಾಲು 2022ರಲ್ಲಿ ಈ ಮಗಳ ಹೆಸರಿನಲ್ಲಿತ್ತು. ಶೇಕಡಾ ಒಂದೇ ಎಂದು ಮೂಗು ಮುರಿಯಬೇಡಿ. ಆಗಿನ ದರದಲ್ಲಿ ಅದರ ಬೆಲೆ 70 ಕೋಟಿ ಪೌಂಡಿನ ಹತ್ತಿರ. ಹಿಂದಿನ ಒಂದು ವರ್ಷದ ಲಾಭಾಂಶವೇ 1 ಕೋಟಿ 16 ಲಕ್ಷ ಪೌಂಡ್ ಎಂದು ಅಲ್ಲಿನ ಪತ್ರಿಕೆಗಳು ಅಂದಾಜು ಮಾಡಿದ್ದವು. ಪೌಂಡಿಗೆ ನೂರು ರೂಪಾಯಿ ಎಂದು ಹಿಡಿದರೆ ನೂರು ಕೋಟಿ ರೂಪಾಯಿಗೂ ಮೇಲೆ.

ಈಗ ಈ ನಾನ್-ಡಾಮ್ ಅನ್ನುವುದನ್ನು ನಮ್ಮ ಕಡೆಯ ಮಾತಿನಲ್ಲಿ ಬಿಡಿಸಿ ಹೇಳುತ್ತೇನೆ. ಒಬ್ಬ ಹೆಣ್ಣುಮಗಳಿಗೆ ಗಂಡನ ಊರಿನಲ್ಲಿ ಸಂಸಾರವಿದೆ, ತವರಿನಲ್ಲಿ ಅಪ್ಪ ಬರೆದುಕೊಟ್ಟ ಹೊಲವಿದೆ ಅಂದುಕೊಳ್ಳಿ. ಹೊಲದ ರಾಗಿ ತವರಿನ ಕಣಜಕ್ಕೆ ಬೀಳುತ್ತದೆ. ಗಂಡನ ಊರಿನ ಕಾನೂನು ಏನೆಂದರೆ, ಆ ರಾಗಿಯನ್ನು ಗಾಡಿಗೆ ಹೇರಿಕೊಂಡು ಈ ಊರ ಗಡಿ ದಾಟಿಸಿದರೆ ಮಾತ್ರ ಕಂದಾಯ. ತವರಿನ ಕಣಜದಲ್ಲೇ ಬಿಟ್ಟರೆ ನೂರು ಪಲ್ಲವಾದರೂ ಇರಲಿ, ಸಾವಿರವಾದರೂ ಇರಲಿ, ಕೇಳುವವರಿಲ್ಲ. ಕೆಲವು ವರ್ಷ ಇದು ಬಿಟ್ಟಿಯಾಗಿತ್ತು. ಹಿಂದಿನ ಒಂಬತ್ತು ವರ್ಷದಲ್ಲಿ ಏಳು ವರ್ಷ ಬ್ರಿಟನ್ನಿನಲ್ಲಿ ಕಳೆದವರು ಈ ಸವಲತ್ತು ಮುಂದುವರಿಯಬೇಕಾದರೆ ವರ್ಷಕ್ಕೆ 30,000 ಪೌಂಡ್ ಕಟ್ಟಬೇಕಿತ್ತು. ನಮ್ಮ ಲೆಕ್ಕದಲ್ಲಿ ಸುಮಾರು 30 ಲಕ್ಷ ರೂಪಾಯಿ. ಅಕ್ಷತಾ ಅವರು ಅದನ್ನು ಕಟ್ಟುತ್ತಿದ್ದರು.

ಈ 30,000 ಪೌಂಡಿನ ಬಗ್ಗೆ ಒಂದು ಕ್ಷಣ ಯೋಚಿಸಿ. ಇದರಿಂದ 30,000ಕ್ಕಿಂತ ಹೆಚ್ಚು ಉಳಿಯುತ್ತದೆ ಅನ್ನುವವರು ಮಾತ್ರ ಇದನ್ನು ಕಟ್ಟುತ್ತಿದ್ದರು. ಲಂಡನ್ನಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಕೇರಳದ ಹೆಣ್ಣುಮಗಳ ಸ್ವಂತ ಊರೂ ಭಾರತವೇ. ಕೋಟ್ಟಯಂನಲ್ಲಿ ಅವಳಿಗೂ ಒಂದು ಬಾಡಿಗೆ ಮನೆ ಇರಬಹುದು. ಆ ಬಾಡಿಗೆ ತೀರ ಸಣ್ಣದಲ್ಲದಿದ್ದರೆ, ಇಂಥ ರಕ್ಷಣೆಗೆ ಅವಳೂ ಕೆಲವು ವರ್ಷದ ಮೇಲೆ ಇಷ್ಟೇ ದುಡ್ಡು ಕಟ್ಟಬೇಕಿತ್ತು. ಕಾನೂನು ಇಬ್ಬರಿಗೂ ಒಂದೇ ಆಗಿತ್ತು. ಬಾಗಿಲ ಚೀಟಿಯ ದರ ಮಾತ್ರ ಒಬ್ಬರ ಕೈಗೆ ಎಟಕುತ್ತಿತ್ತು.

ಸುದ್ದಿಗೆ ಬೆಂಕಿ ಹತ್ತಿದ್ದು ತಾರೀಕಿನಿಂದ. ಬ್ರಿಟನ್ನಿನ ತೆರಿಗೆ ವರ್ಷ ಶುರುವಾಗುವುದು ಏಪ್ರಿಲ್ 6ಕ್ಕೆ. 1752ರಲ್ಲಿ ಪಂಚಾಂಗ ಬದಲಿಸಿದಾಗ ಕಳೆದುಹೋದ ಹನ್ನೊಂದು ದಿನದ ಲೆಕ್ಕ ಇವತ್ತಿಗೂ ಹಾಗೇ ಉಳಿದಿದೆ, ನಮ್ಮ ಶಾನುಭೋಗರ ಕಡತದ ಹಾಗೆ. 2022ರಲ್ಲಿ ಅದೇ ದಿನದಿಂದ ದುಡಿಯುವವರ ನ್ಯಾಷನಲ್ ಇನ್ಶೂರೆನ್ಸ್ ವಂತಿಗೆ ಶೇಕಡಾ 1.25 ಅಂಶದಷ್ಟು ಏರಿತು. ಏರಿಸಿದ ಖಾತೆ ಸುನಕ್ ಅವರದು. ನರ್ಸಿಗೂ ಏರಿತು, ಬಸ್ ಓಡಿಸುವವನಿಗೂ ಏರಿತು. ಹೆಚ್ಚು ಜನ ಗಮನಿಸದ ಇನ್ನೊಂದು ಸಂಗತಿ ಇದೆ: ಲಾಭಾಂಶದ ಮೇಲಿನ ತೆರಿಗೆಯೂ ಅದೇ ದಿನ ಅಷ್ಟೇ ಏರಿ, ಮೇಲಿನ ಹಂತದಲ್ಲಿ ನೂರಕ್ಕೆ 39.35 ಪೌಂಡ್ ಆಯಿತು. ಲಾಭಾಂಶದಿಂದಲೇ ಬದುಕುವವರನ್ನೂ ಬಿಡುವುದಿಲ್ಲ ಎಂದು ತೋರಿಸಲು ಮಾಡಿದ ಏರಿಕೆ ಅದು. ಮಂತ್ರಿಯ ಮನೆಯೊಳಗೆ ಬರುವ ಎಲ್ಲಕ್ಕಿಂತ ದೊಡ್ಡ ಲಾಭಾಂಶಕ್ಕೆ ಮಾತ್ರ ಆ ಏರಿಕೆ ತಗಲುತ್ತಿರಲಿಲ್ಲ, ಅದು ಬೆಂಗಳೂರಿನ ಕಣಜದಲ್ಲೇ ಇದ್ದರೆ. ನಾನ್-ಡಾಮ್ ಆಗಿರುವುದರಿಂದ ವರ್ಷಕ್ಕೆ ಸುಮಾರು 21 ಲಕ್ಷ ಪೌಂಡ್ ಉಳಿಯುತ್ತಿತ್ತು ಎಂದು ಬಿಬಿಸಿ ಲೆಕ್ಕ ಹಾಕಿತು.

ಮೊದಲು ಅವರ ಕಡೆಯಿಂದ ಬಂದ ಸಮಜಾಯಿಷಿ ಹೀಗಿತ್ತು: ಅಕ್ಷತಾ ಭಾರತದ ಪ್ರಜೆ, ಭಾರತ ಎರಡು ಪೌರತ್ವ ಕೊಡುವುದಿಲ್ಲ, ಆದ್ದರಿಂದ ಬ್ರಿಟನ್ನಿನ ಕಾನೂನು ಅವರನ್ನು ನಾನ್-ಡಾಮ್ ಎಂದು ಕಾಣುತ್ತದೆ. ತೆರಿಗೆ ಬಲ್ಲವರು ತಕ್ಷಣ ತಿದ್ದಿದರು. ಪೌರತ್ವಕ್ಕೂ ಇದಕ್ಕೂ ಗಂಟು ಹಾಕಬೇಡಿ, ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಬ್ರಿಟನ್ನಿನಲ್ಲಿ ಎಲ್ಲರ ಹಾಗೆ ತೆರಿಗೆ ಕಟ್ಟಬಹುದು, ನಾನ್-ಡಾಮ್ ಸವಲತ್ತು ಬೇಕು ಎಂದು ಕೇಳಿ ಪಡೆಯುವಂಥದ್ದು ಎಂದರು. ಅಲ್ಲಿನ ಕಾನೂನಿನಲ್ಲಿ ಹುಟ್ಟಿದ ಮಗುವಿಗೆ ಸ್ವಂತ ಊರು ಬರುವುದು ಸಾಮಾನ್ಯವಾಗಿ ಅಪ್ಪನಿಂದ. ಹೆರಿಗೆ ಎಲ್ಲಿ ಆಯಿತು ಅನ್ನುವುದು ಮುಖ್ಯವಲ್ಲ. ನಮ್ಮಲ್ಲೂ ಹಾಗೇ ಅಲ್ಲವೇ, ತಾಯಿಯ ತವರಿನಲ್ಲಿ ಹುಟ್ಟಿದ ಮಗುವನ್ನು ಅಪ್ಪನ ಊರಿನವನು ಅಂತಲೇ ಕರೆಯುತ್ತೇವೆ.

ಇನ್ನೊಂದು ವಿಷಯ ಓದಿ ನಾನು ನಕ್ಕಿದ್ದೆ. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಅನ್ನುತ್ತದೆ ನಮ್ಮ ಗಾದೆ. ಇಂಗ್ಲಿಷರ ಕಾನೂನೂ 1973ರ ಕೊನೆಯವರೆಗೆ ಅದನ್ನೇ ಅನ್ನುತ್ತಿತ್ತು. ಮದುವೆಯಾದ ಹೆಣ್ಣಿಗೆ ಬೇರೆ ಸ್ವಂತ ಊರಿಲ್ಲ, ಗಂಡನದೇ ಅವಳದೂ. ಹೆಣ್ಣಿಗೂ ತನ್ನದೇ ಊರು ಇರಬಹುದು ಎಂದು ಒಪ್ಪಿದ ಕಾಯಿದೆ ಜಾರಿಗೆ ಬಂದದ್ದು 1974ರ ಜನವರಿ 1ರಂದು. ಸುನಕ್ ಹುಟ್ಟಿ ಬೆಳೆದು ನೆಲೆನಿಂತದ್ದು ಬ್ರಿಟನ್ನಿನಲ್ಲೇ. ಹಳೆಯ ಕಾನೂನೇ ಇದ್ದಿದ್ದರೆ ಗಂಡನ ಊರು ಹೆಂಡತಿಗೂ ಅಂಟಿಕೊಂಡು, ಈ ನಾನ್-ಡಾಮ್ ಮಾತೇ ಹುಟ್ಟುತ್ತಿರಲಿಲ್ಲ. ಹೆಣ್ಣಿನ ಸ್ವಾತಂತ್ರ್ಯಕ್ಕಾಗಿ ಎಷ್ಟೋ ಜನ ಹೋರಾಡಿ ತಂದ ಸುಧಾರಣೆ. ಅದು ಅರ್ಧ ಶತಮಾನದ ಮೇಲೆ ಇಂಥ ಉಪಯೋಗಕ್ಕೂ ಬಂತು. ಹಾಗೆಂದು ಹಳೆಯದೇ ಚೆನ್ನಾಗಿತ್ತು ಅನ್ನಲಾರೆ. ಕೊಣನೂರು ನನ್ನದಲ್ಲ ಅಂತ ಯಾರಾದರೂ ನನಗೆ ಹೇಳಿದರೆ ನಾನು ಸುಮ್ಮನಿರುವವಳಲ್ಲ.

ಈ ನಾನ್-ಡಾಮ್ ಪದ್ಧತಿಯ ಬೇರು ಹುಡುಕುತ್ತ ಹೋದರೆ 1799 ಸಿಗುತ್ತದೆ. ನೆಪೋಲಿಯನ್ನನ ಕಾಲದ ಫ್ರಾನ್ಸಿನ ಮೇಲೆ ಯುದ್ಧಕ್ಕೆ ದುಡ್ಡು ಬೇಕಾಗಿ ಕಿರಿಯ ವಿಲಿಯಂ ಪಿಟ್ ಆ ವರ್ಷ ಬ್ರಿಟನ್ನಿಗೆ ಆದಾಯ ತೆರಿಗೆ ತಂದ. ವಸಾಹತುಗಳಲ್ಲಿ ಆಸ್ತಿ ಇದ್ದವರಿಗೆ, ಅಲ್ಲಿಂದ ಹಣ ತಂದರೆ ಮಾತ್ರ ತೆರಿಗೆ ಎಂದು ರಿಯಾಯಿತಿ ಕೊಟ್ಟ. 1799 ಅಂದರೆ ನಮಗೆ ನೆನಪಾಗುವುದೇ ಬೇರೆ. ಕೊಣನೂರಿನ ಮುಂದೆ ಹರಿಯುವ ಇದೇ ಕಾವೇರಿಯ ಕೆಳಗಿನ ದಾರಿಯಲ್ಲಿ, ಶ್ರೀರಂಗಪಟ್ಟಣ ಬಿದ್ದದ್ದು ಅದೇ ವರ್ಷದ ಮೇ 4ರಂದು. ಕೋಟೆಯಲ್ಲಿ ಸಿಕ್ಕಿದ್ದನ್ನು ಪಟ್ಟಿ ಮಾಡಿ ಈಸ್ಟ್ ಇಂಡಿಯಾ ಕಂಪನಿಯ ಸೇನೆ ಹಂಚಿಕೊಂಡಿತು. ಪಿಟ್ ಕೊಟ್ಟ ಆ ರಿಯಾಯಿತಿ, ಹೊರದೇಶದಲ್ಲಿ ಗಳಿಸಿ ಲಂಡನ್ನಿನಲ್ಲಿ ಬಾಳುವ ಬಿಳಿಯ ದೊರೆಗಳಿಗೆ ಅನುಕೂಲವಾಗಲಿ ಎಂದು ಬಿಟ್ಟ ಕಿಂಡಿ. 223 ವರ್ಷ ಆದಮೇಲೆ ಅದೇ ಕಿಂಡಿಯಲ್ಲಿ, ಕರ್ನಾಟಕದಲ್ಲಿ ಬೆಳೆದ ಸಂಪತ್ತಿನ ಒಡತಿಯಾದ ಹುಬ್ಬಳ್ಳಿಯ ಮಗಳು ಹಾದಳು. ಇದರಲ್ಲಿ ಸೇಡಿನ ಸುಖ ಕಂಡವರೂ ನಮ್ಮಲ್ಲಿದ್ದರು. "ಅವರು ದೋಚಿದ್ದರಲ್ಲ, ಈಗ ನಮ್ಮ ಹುಡುಗಿ ನಾಲ್ಕು ಕಾಸು ಉಳಿಸಿಕೊಂಡರೆ ಏನೀಗ?" ಎಂದು ನಮ್ಮ ಸ್ಟಾಫ್ ರೂಮಿನಲ್ಲಿದ್ದ ಹಿರಿಯರೊಬ್ಬರು ಫೋನಿನಲ್ಲಿ ನನ್ನನ್ನು ಗದರಿಸಿದ್ದರು. ಅವರಿಗೆ ನಾನು ಹೇಳಿದ್ದು ಇಷ್ಟೇ: ಸಾರ್, ಅವಳು ಉಳಿಸಿದ್ದು ವಿಕ್ಟೋರಿಯಾ ರಾಣಿಯ ದುಡ್ಡನ್ನಲ್ಲ. ಬರ್ಮಿಂಗ್‌ಹ್ಯಾಮಿನ ಸರ್ಕಾರಿ ಆಸ್ಪತ್ರೆಗೆ ಹೋಗಬೇಕಾದ ದುಡ್ಡನ್ನು. ಅಲ್ಲಿ ಸಾಲಿನಲ್ಲಿ ನಿಂತಿರುವವರಲ್ಲಿ ನಮ್ಮ ದೇಶದವರೂ ಇದ್ದಾರೆ.

ಎರಡೇ ದಿನ. ಏಪ್ರಿಲ್ 8ರಂದು ಅಕ್ಷತಾ ಅವರೇ ಹೇಳಿಕೆ ಕೊಟ್ಟರು. ಇನ್ನು ಮುಂದೆ ಜಗತ್ತಿನ ಎಲ್ಲಿಂದ ಆದಾಯ ಬಂದರೂ ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುತ್ತೇನೆ, ಈಗಷ್ಟೇ ಮುಗಿದ ವರ್ಷಕ್ಕೂ ಸೇರಿಸಿ ಕಟ್ಟುತ್ತೇನೆ ಎಂದರು. ಕಾನೂನು ಹಾಗೆ ಮಾಡಲು ಹೇಳಿಲ್ಲ, ಆದರೆ ನನ್ನ ವ್ಯವಸ್ಥೆ ಬ್ರಿಟಿಷರ ನ್ಯಾಯಪ್ರಜ್ಞೆಗೆ ಹೊಂದುವುದಿಲ್ಲ ಎಂದು ಹಲವರಿಗೆ ಅನ್ನಿಸಿರುವುದು ಗೊತ್ತಾಗಿದೆ, ನನ್ನಿಂದ ಗಂಡನ ಕೆಲಸಕ್ಕೆ ಅಡ್ಡಿಯಾಗಬಾರದು ಅನ್ನುವುದು ಅದರ ಸಾರ. ಸುನಕ್ ತಮ್ಮ ಆಸ್ತಿ-ಹಿತಾಸಕ್ತಿ ಘೋಷಣೆಗಳನ್ನು ಪರಿಶೀಲಿಸಿ ಎಂದು ಮಂತ್ರಿಗಳ ನಡವಳಿಕೆಯ ಸಲಹೆಗಾರ ಲಾರ್ಡ್ ಗೈಟ್ ಅವರಿಗೆ ತಾವೇ ಒಪ್ಪಿಸಿದರು. ಅದೇ ತಿಂಗಳ ಕೊನೆಗೆ, ಸುನಕ್ ನಿಯಮದಂತೆ ನಡೆದುಕೊಂಡಿದ್ದಾರೆ ಎಂದು ವರದಿ ಬಂತು. ಆರು ತಿಂಗಳಿಗೆ ಅವರು ಪ್ರಧಾನಿಯೂ ಆದರು. ಕಾನೂನು ಮುರಿದಿದ್ದಾರೆ ಎಂದು ಯಾರೂ ಸಾಬೀತು ಮಾಡಲಿಲ್ಲ, ನಾನೂ ಹೇಳುತ್ತಿಲ್ಲ.

ಹಾಗಾದರೆ ತಕರಾರು ಏನು?

ಅದನ್ನು ಹೇಳಲು ನನ್ನ ತವರಿಗೆ ಹೋಗಬೇಕು. ನಮ್ಮೂರಿನಲ್ಲಿ ಹಬ್ಬಕ್ಕೆ ವಂತಿಗೆ ಎತ್ತುವುದು ಒಕ್ಕಲಿನ ಲೆಕ್ಕದಲ್ಲಿ. ಅಣ್ಣತಮ್ಮಂದಿರು ಬೇರೆಯಾಗಿ ಎರಡು ಒಲೆ ಹೂಡಿದರೆ ಎರಡು ಒಕ್ಕಲು, ಎರಡು ವಂತಿಗೆ. ನಾನು ಹೈಸ್ಕೂಲಿನಲ್ಲಿದ್ದಾಗ ಗುಡಿಗೆ ಹೊಸ ಹೆಂಚು ಹೊದಿಸಬೇಕೆಂದು ಆ ವರ್ಷ ವಂತಿಗೆ ಒಂದೂವರೆಪಟ್ಟು ಮಾಡಿದರು. ಪಟ್ಟಿ ಬರೆದವರು ಊರ ಯಜಮಾನರು. ಒಳ್ಳೆಯ ಮನುಷ್ಯ, ಲೆಕ್ಕದಲ್ಲಿ ಕೈಶುದ್ಧ. ಅವರ ಮಗಳೂ ಅಳಿಯನೂ ನಾಲ್ಕು ವರ್ಷದಿಂದ ಇವರ ಮನೆಯ ಹಿಂದಿನ ಕೋಣೆಗಳಲ್ಲೇ ಬೇರೆ ಒಲೆ ಹೂಡಿಕೊಂಡಿದ್ದರು. ಅಳಿಯನಿಗೆ ಬೇರೆ ಊರಿನಲ್ಲಿ ನಡೆಯುವ ಅಕ್ಕಿ ಗಿರಣಿ ಇತ್ತು. ಪಟ್ಟಿ ಓದಿ ಮುಗಿಸಿದಾಗ ಅರಳಿಕಟ್ಟೆಯ ಕೆಳಗೆ ಕೂತಿದ್ದ ಒಬ್ಬ ಮುದುಕಮ್ಮ ಎಲೆಯಡಿಕೆ ಉಗಿದು ಕೇಳಿದಳು: "ನಿಮ್ಮಳಿಯಂದಿರ ಹೆಸರು ಕೇಳ್ಲಿಲ್ವಲ್ಲ ಗೌಡ್ರೆ." ಯಜಮಾನರು ಹೇಳಿದರು, "ಅವರು ಆ ಊರಿನೋರು ಕಣಜ್ಜಿ, ಅಲ್ಲಿ ಕೊಡ್ತಾರೆ." ಮುದುಕಿ ವಾದ ಮಾಡಲಿಲ್ಲ. "ಹಂಗಾ. ಹಬ್ಬದ ದಿನ ಊಟಕ್ಕೆ ಯಾವ ಸಾಲಲ್ಲಿ ಕೂರ್ತಾರೆ?" ಅಂದಳು. ಎಲ್ಲರೂ ನಕ್ಕರು. ಯಜಮಾನರೂ ನಕ್ಕರು. ಸ್ವಲ್ಪ ಹೊತ್ತಿನ ಮೇಲೆ ಜೇಬಿನಿಂದ ಪೆನ್ನು ತೆಗೆದು ಪಟ್ಟಿಯ ಕೊನೆಗೆ ಒಂದು ಹೆಸರು ಸೇರಿಸಿದರು.

ಅಳಿಯ ಆ ಊರಿನವನು ಅನ್ನುವುದು ಸುಳ್ಳಲ್ಲ. ಅಲ್ಲಿ ವಂತಿಗೆ ಕೊಡುತ್ತಿದ್ದದ್ದೂ ನಿಜವೇ ಇರಬಹುದು, ಅಕ್ಷತಾ ಅವರು ಭಾರತದಲ್ಲಿ ತೆರಿಗೆ ಕೊಡುತ್ತಿದ್ದ ಹಾಗೆ. 2020ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಲಾಭಾಂಶಕ್ಕೆ ಪಾಲುದಾರರೇ ತೆರಿಗೆ ಕೊಡಬೇಕು, ಅದಕ್ಕೂ ಮೊದಲು ಕಂಪನಿಯೇ ಕಟ್ಟಿ ಉಳಿದದ್ದನ್ನು ಹಂಚುತ್ತಿತ್ತು. ಬೇರೆಯವರ ಮಗಳು ಅಳಿಯ ಆಗಿದ್ದರೆ ಆ ಮುದುಕಿಯೂ ಸುಮ್ಮನಿರುತ್ತಿದ್ದಳೇನೋ. ಬ್ರಿಟನ್ನಿನಲ್ಲಿ ಆಗ ಸಾವಿರಾರು ನಾನ್-ಡಾಮ್‌ಗಳಿದ್ದರು, ಯಾರ ಮನೆಯ ಮುಂದೆಯೂ ಕ್ಯಾಮೆರಾ ನಿಂತಿರಲಿಲ್ಲ. ಇಲ್ಲಿ ವಂತಿಗೆ ಏರಿಸಿದ ಕೈಯೂ ಪಟ್ಟಿ ಬರೆದ ಕೈಯೂ ಒಂದೇ ಆಗಿತ್ತು. ಪಟ್ಟಿಯಲ್ಲಿ ಯಾವ ಕಿಂಡಿ ಇರಬೇಕು, ಯಾವುದನ್ನು ಮುಚ್ಚಬೇಕು ಎಂದು ತೀರ್ಮಾನಿಸುವ ಮೇಜಿನ ಮುಂದೆ ಕೂತವರ ಮನೆಯವರೇ ಆ ಕಿಂಡಿಯಲ್ಲಿ ಓಡಾಡುತ್ತಿದ್ದರು. ಅಲ್ಲಿರುವುದು ಆ ಒಂದು ತಕರಾರು. ಅದು ಸಣ್ಣದಲ್ಲ.

ಜನರಿಗೆ ಕಾಣದೆ ಉಳಿದ ಭಾಗವೇ ನನಗೆ ಹೆಚ್ಚು ಕುತೂಹಲ. ಆದಾಯ ತೆರಿಗೆ ಕಟ್ಟಲು ಒಪ್ಪಿದ ಅಕ್ಷತಾ ಅವರು ನಾನ್-ಡಾಮ್ ಸ್ಥಾನವನ್ನು ಪೂರ್ತಿ ಬಿಟ್ಟುಕೊಡಲಿಲ್ಲ. ಉತ್ತರಾಧಿಕಾರ ತೆರಿಗೆಯ ಮಟ್ಟಿಗೆ ಅವರ ಸ್ವಂತ ಊರು ಭಾರತವಾಗಿಯೇ ಉಳಿಯಿತು. ಬ್ರಿಟನ್ನಿನಲ್ಲಿ ಸತ್ತವರ ಆಸ್ತಿಯ ಮೇಲೆ, ಒಂದು ಮಿತಿ ದಾಟಿದರೆ ನೂರಕ್ಕೆ 40ರ ತೆರಿಗೆ ಇದೆ. ಭಾರತಕ್ಕೂ ಬ್ರಿಟನ್ನಿಗೂ 1956ರಲ್ಲಿ ಒಂದು ಒಪ್ಪಂದ ಆಗಿತ್ತು. ಒಂದೇ ಆಸ್ತಿಗೆ ಎರಡು ಸರ್ಕಾರಗಳು ಮರಣ ತೆರಿಗೆ ಕೇಳಬಾರದು, ಸ್ವಂತ ಊರು ಭಾರತವಾದವರು ಬ್ರಿಟನ್ನಿನ ಆಚೆ ಇಟ್ಟ ಆಸ್ತಿ ಬ್ರಿಟನ್ನಿನ ಕೈಗೆ ಸಿಗಬಾರದು ಎಂದು. ಆಗ ಅದು ನ್ಯಾಯವೇ, ಯಾಕೆಂದರೆ ನಮ್ಮಲ್ಲೂ 1953ರಿಂದ ಎಸ್ಟೇಟ್ ಡ್ಯೂಟಿ ಇತ್ತು, ಮೇಲಿನ ಹಂತದಲ್ಲಿ ನೂರಕ್ಕೆ 85ರವರೆಗೂ ಹೋಗಿತ್ತು. 1985ರಲ್ಲಿ ವಿ.ಪಿ. ಸಿಂಗ್ ಹಣಕಾಸು ಮಂತ್ರಿಯಾಗಿದ್ದಾಗ ಅದನ್ನು ತೆಗೆದುಹಾಕಿದರು. ವಸೂಲಿಗೆ ಆಗುವ ಖರ್ಚಿನ ಮುಂದೆ ಬರುವ ದುಡ್ಡು ಸಾಲುವುದಿಲ್ಲ ಎಂಬುದು ಕಾರಣ. ತೆರಿಗೆ ಹೋಯಿತು, ಒಪ್ಪಂದ ಉಳಿಯಿತು. ಎರಡು ಸಲ ತೆರಿಗೆ ಬೀಳದಿರಲಿ ಎಂದು ಬರೆದ ಕಾಗದ ಒಂದು ಸಲವೂ ಬೀಳದ ಹಾಗೆ ಕಾಯುವಂತಾಯಿತು.

ನಮ್ಮ ಕಡೆ ಕಟ್ಟೇಪುರದ ನಾಲೆಯ ನೀರು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಇಬ್ಬರ ಗದ್ದೆಯ ನಡುವಿನ ಬದುವಿನಲ್ಲಿ ಒಂದು ಹಳೆಯ ತೂತು ಇರುತ್ತದೆ. ಅದನ್ನು ಯಾರು ಯಾಕೆ ಮಾಡಿದರು ಎಂದು ಇಬ್ಬರಿಗೂ ಮರೆತಿರುತ್ತದೆ. ನೀರು ಮಾತ್ರ ಮರೆತಿರುವುದಿಲ್ಲ.

2024ರ ಲೋಕಸಭಾ ಚುನಾವಣೆಯ ನಡುವೆ ಉತ್ತರಾಧಿಕಾರ ತೆರಿಗೆ ಅನ್ನುವ ಮಾತು ನಮ್ಮಲ್ಲಿ ಒಮ್ಮೆ ಎದ್ದಿತು. ದೊಡ್ಡ ಪಕ್ಷಗಳು ಕೆಂಡ ತುಳಿದವರ ಹಾಗೆ ಹಾರಿ ದೂರ ನಿಂತವು. ಸಂಪತ್ತು ತೆರಿಗೆಯನ್ನೂ 2015ರ ಬಜೆಟ್ಟಿನಲ್ಲೇ ತೆಗೆದಾಗಿದೆ. ಸಂಪತ್ತಿನಿಂದ ಬರುವುದು ಕಡಿಮೆಯಾದರೆ ಖಜಾನೆ ತುಂಬಬೇಕಾದ್ದು ಬೇರೆ ಕಡೆಯಿಂದ. 2024ರ ಜೂನ್‌ನಲ್ಲಿ ನಮ್ಮ ರಾಜ್ಯ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇಕಡಾ 25.92ರಿಂದ 29.84ಕ್ಕೆ ಏರಿಸಿತು. ರಾಮನಾಥಪುರದ ಹರಾಜು ಮಾರುಕಟ್ಟೆಗೆ ಹೊಗೆಸೊಪ್ಪಿನ ಬೇಲು ಒಯ್ದು ಗ್ರೇಡ್ ಸಿಗದೆ ವಾಪಸು ಬರುವ ರೈತನೂ ಬೈಕಿಗೆ ಪೆಟ್ರೋಲ್ ಹಾಕಿಸುವಾಗ ಅದೇ 29.84 ಕೊಡುತ್ತಾನೆ. ಅವನಿಗೆ ಆದಾಯ ತೆರಿಗೆ ಇಲ್ಲ, ಕೃಷಿ ಆದಾಯಕ್ಕೆ ವಿನಾಯಿತಿ ಇದೆ, ನಿಜ. ಸೊಪ್ಪು ಹದ ಮಾಡುವ ಬ್ಯಾರನ್ನಿಗೆ ಸೌದೆ ಹೊಂದಿಸಿ, ಕೂಲಿ ಕೊಟ್ಟು, ಬ್ಯಾಂಕಿನ ಕಂತು ಕಟ್ಟಿದ ಮೇಲೆ ವಿನಾಯಿತಿ ಕೊಡುವಷ್ಟು ಆದಾಯ ಉಳಿಯಿತೇ ಎಂದು ಅವನನ್ನೇ ಕೇಳಬೇಕು. ಪೆಟ್ರೋಲ್ ಬಂಕಿನಲ್ಲಿ ಮಾತ್ರ "ಯಾವೂರಾಯ್ತು?" ಎಂದು ಯಾರೂ ಕೇಳುವುದಿಲ್ಲ.

ನಮ್ಮ ರಾಜಕಾರಣಿಗಳ ಮನೆಗಳ ಮಾತೇನು ಎಂದು ನೀವು ಕೇಳಬಹುದು. ಬಾನುಲಿಯಲ್ಲಿ ಕೂತು ರಾಜಕೀಯ ಆಡಬಾರದು, ದಾಖಲೆಯಲ್ಲಿರುವುದನ್ನಷ್ಟೇ ಹೇಳುತ್ತೇನೆ. ಅಭ್ಯರ್ಥಿಗಳು ಆಸ್ತಿ ಘೋಷಿಸಬೇಕು ಎಂಬ ದಾರಿ ತೆರೆದದ್ದು ಸುಪ್ರೀಂ ಕೋರ್ಟ್, 2002ರಲ್ಲಿ. 2018ರ ಇನ್ನೊಂದು ತೀರ್ಪು ಆದಾಯದ ಮೂಲವನ್ನೂ ಹೇಳಿ ಅಂದಿತು. 2019ರ ಫೆಬ್ರವರಿಯಲ್ಲಿ ಅಭ್ಯರ್ಥಿಗಳು ಸಲ್ಲಿಸುವ ಪ್ರಮಾಣಪತ್ರ, ಅಂದರೆ ನಮೂನೆ 26, ಬದಲಾಯಿತು. ಅಭ್ಯರ್ಥಿ, ಗಂಡ ಅಥವಾ ಹೆಂಡತಿ, ಅವಿಭಕ್ತ ಕುಟುಂಬ, ಅವಲಂಬಿತರು, ಇಷ್ಟೂ ಜನರ ಐದು ವರ್ಷದ ಆದಾಯ ತೆರಿಗೆ ಲೆಕ್ಕವನ್ನು ಬರೆಯಬೇಕು, ಹೊರದೇಶದ ಬ್ಯಾಂಕು, ಆಸ್ತಿ, ಹೂಡಿಕೆಯನ್ನೂ ಬರೆಯಬೇಕು. ಬ್ರಿಟನ್ನಿನ ಮಂತ್ರಿಯ ಹೆಂಡತಿಯ ಸಂಗತಿ ಹೊರಬರಲು ಪತ್ರಿಕೆ ಬೇಕಾಯಿತು, ನಮ್ಮಲ್ಲಿ ಕಾಗದದ ಮೇಲಾದರೂ ಕೇಳುವ ಖಾನೆ ಇದೆ. ಈ ಒಂದು ವಿಷಯದಲ್ಲಿ ನಾವು ಮುಂದೆ ಇದ್ದೇವೆ ಎಂದು ಧಾರಾಳವಾಗಿ ಹೇಳಬಹುದು.

ಆ ಖಾನೆ ತುಂಬುವುದು ಎಷ್ಟು ಗಂಭೀರ ವಿಷಯ ಎಂದು ನಮ್ಮ ಜಿಲ್ಲೆಗೆ ಯಾರೂ ಪಾಠ ಮಾಡಬೇಕಾಗಿಲ್ಲ. 2019ರಲ್ಲಿ ಹಾಸನ ಲೋಕಸಭಾ ಕ್ಷೇತ್ರದಿಂದ ಪ್ರಜ್ವಲ್ ರೇವಣ್ಣ ಗೆದ್ದದ್ದನ್ನು, ಆಸ್ತಿ ವಿವರ ಪೂರ್ತಿ ಹೇಳಿಲ್ಲ ಎಂಬುದೂ ಸೇರಿದ ಕಾರಣಗಳಿಗಾಗಿ ಕರ್ನಾಟಕ ಹೈಕೋರ್ಟ್ 2023ರ ಸೆಪ್ಟೆಂಬರ್ 1ರಂದು ಅಸಿಂಧು ಎಂದಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಅರ್ಜಿ ಹಾಕಿದವರಲ್ಲಿ ಒಬ್ಬರು ಆ ಚುನಾವಣೆಯಲ್ಲಿ ಸೋತಿದ್ದ ನಮ್ಮ ಅರಕಲಗೂಡಿನ ಎ. ಮಂಜು. ತೀರ್ಪು ಬರುವ ಹೊತ್ತಿಗೆ ಅವರು ಗೆದ್ದವರ ಪಕ್ಷಕ್ಕೇ ಬಂದು ಶಾಸಕರಾಗಿದ್ದರು. ಹಾಸನದ ರಾಜಕೀಯ ನೋಡುವವರಿಗೆ ಟೀವಿ ಧಾರಾವಾಹಿ ಬೇಕಾಗುವುದಿಲ್ಲ.

ಆದರೆ ಆ ನಮೂನೆಯಲ್ಲಿ ಒಂದು ಪದ ಇದೆ, 'ಅವಲಂಬಿತರು'. ತಂದೆಯ ಅನ್ನದಲ್ಲಿರದ, ಸ್ವಂತ ದುಡಿಮೆಯ ಮಗ ಆ ಪದದ ಹೊರಗೆ. ಮದುವೆಯಾಗಿ ಹೊರದೇಶದಲ್ಲಿ ನೆಲೆಸಿದ ಮಗಳು ಹೊರಗೆ. ಅಳಿಯ, ಸೊಸೆ, ಭಾವಮೈದುನ ಎಲ್ಲರೂ ಹೊರಗೆ. ಆಸ್ತಿ ಭಾಗವಾಗುವಾಗ, ಟಿಕೆಟ್ ಹಂಚುವಾಗ, ಮದುವೆಯ ಕರೆಯೋಲೆಯಲ್ಲಿ ಹೆಸರು ಹಾಕುವಾಗ ನಮ್ಮಲ್ಲಿ ಕುಟುಂಬ ಎಂದರೆ ಮೂರು ತಲೆಮಾರು, ನಲವತ್ತು ಜನ. ನಮೂನೆ 26ರ ಮುಂದೆ ಕೂತಾಗ ಮಾತ್ರ ನಾವಿಬ್ಬರು, ನಮಗಿಬ್ಬರು. ದುಬೈನಲ್ಲಿ ಫ್ಲ್ಯಾಟ್ ಮಗನದು, ಮಗ ಅವಲಂಬಿತನಲ್ಲ. ಸುಳ್ಳು ಬರೆಯಬೇಕಾದ ಪ್ರಮೇಯವೇ ಇಲ್ಲ. ಬ್ರಿಟನ್ನಿನಲ್ಲಿ ಊರನ್ನು ಹೊರಗಿಟ್ಟರೆ ಸಾಕಾಗಿತ್ತು. ನಮ್ಮಲ್ಲಿ ಮಕ್ಕಳನ್ನು ಹೊರಗಿಟ್ಟರೆ ಸಾಕು.

ಹೊರದೇಶದಲ್ಲಿ ಬಚ್ಚಿಟ್ಟದ್ದಕ್ಕೆ ಕಾನೂನು ಇಲ್ಲ ಎಂದಲ್ಲ. 2015ರ ಕಪ್ಪುಹಣ ಕಾಯಿದೆ ಇದೆ. ಹೇಳದ ವಿದೇಶಿ ಆದಾಯಕ್ಕೆ ಶೇಕಡಾ 30ರ ತೆರಿಗೆ, ಅದರ ಮೂರುಪಟ್ಟು ದಂಡ, ಜೈಲು. ನಮ್ಮವರು ಹೊರಗಿಟ್ಟ ಖಾತೆಗಳ ವಿವರ ಹಲವು ದೇಶಗಳಿಂದ ವರ್ಷವರ್ಷ ತಾನಾಗಿಯೇ ಬರುವ ಏರ್ಪಾಡು 2017ರಿಂದ ನಡೆದಿದೆ. ಅವೆಲ್ಲ ಬಚ್ಚಿಟ್ಟವರಿಗೆ. ಇವತ್ತು ನಾನು ಹೇಳುತ್ತಿರುವುದು ಬಚ್ಚಿಡದವರ ಕಥೆ. ಎಲ್ಲವನ್ನೂ ತೋರಿಸಿ, ಸರಿಯಾದ ಖಾನೆಯಲ್ಲಿ ತುಂಬಿ, ಚಾರ್ಟರ್ಡ್ ಅಕೌಂಟೆಂಟರ ಸಹಿ ಹಾಕಿಸಿ ಉಳಿಸಿಕೊಂಡವರದು.

ಬ್ರಿಟನ್ನಿನ ಕಥೆ ಅಲ್ಲಿಗೇ ನಿಲ್ಲಲಿಲ್ಲ. 2024ರ ಮಾರ್ಚ್ 6ರ ಬಜೆಟ್ಟಿನಲ್ಲಿ ನಾನ್-ಡಾಮ್ ಪದ್ಧತಿಯನ್ನೇ ತೆಗೆಯುತ್ತೇವೆ ಎಂದು ಘೋಷಣೆಯಾಯಿತು. ಘೋಷಿಸಿದ ಸರ್ಕಾರದ ಪ್ರಧಾನಿ ಯಾರು ಗೊತ್ತೇ? ರಿಷಿ ಸುನಕ್. ಜುಲೈನಲ್ಲಿ ಅವರು ಚುನಾವಣೆ ಸೋತರು, ಮುಂದೆ ಬಂದ ಲೇಬರ್ ಸರ್ಕಾರ ಅದನ್ನು ಇನ್ನಷ್ಟು ಬಿಗಿ ಮಾಡಿತು. 2025ರ ಏಪ್ರಿಲ್ 6ರಿಂದ ಅಲ್ಲಿ ಆದಾಯ ತೆರಿಗೆಗೆ ಸ್ವಂತ ಊರು ಯಾವುದೆಂದು ಕೇಳುವುದಿಲ್ಲ. ಎಷ್ಟು ವರ್ಷ ಇಲ್ಲಿದ್ದೀರಿ ಎಂದು ಕೇಳುತ್ತಾರೆ. ಹೊಸದಾಗಿ ಬಂದವರಿಗೆ ನಾಲ್ಕು ವರ್ಷ ಹೊರಗಿನ ಆದಾಯಕ್ಕೆ ರಿಯಾಯಿತಿ, ಆಮೇಲೆ ಎಲ್ಲರ ಹಾಗೆ. 226 ವರ್ಷದ ಕಿಂಡಿ ಮುಚ್ಚಿತು. ಮುಚ್ಚಿದ್ದರಲ್ಲಿ ಹುಬ್ಬಳ್ಳಿಯ ಮಗಳ ಪಾಲೂ ಇದೆ, ಅವರು ಬಯಸಿದ್ದರೋ ಇಲ್ಲವೋ. ಅಷ್ಟು ದೊಡ್ಡ ಮನೆಯ ಹೆಸರು ಬರದಿದ್ದರೆ ಆ ವಿಷಯ ಅಷ್ಟು ಜೋರಾಗಿ ಬೀದಿಗೆ ಬರುತ್ತಿರಲಿಲ್ಲವೇನೋ.

ನನ್ನ ಸೋದರಳಿಯ ಒಬ್ಬ ಇದ್ದಾನೆ. ಹನ್ನೆರಡು ವರ್ಷ ಅಮೆರಿಕದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿ ಹೋದ ವರ್ಷ ಬೆಂಗಳೂರಿಗೆ ಮರಳಿದ. ಊರ ಹಬ್ಬಕ್ಕೆ ಬಂದವನು ಕೊಣನೂರಿನ ತೂಗುಸೇತುವೆಯ ಹತ್ತಿರ ನನ್ನ ಜೊತೆ ನಡೆಯುತ್ತ ಕೇಳಿದ, ಅಲ್ಲಿನ ಷೇರು, ನಿವೃತ್ತಿ ಖಾತೆ, ಅದರ ಬಡ್ಡಿ ಎಲ್ಲಕ್ಕೂ ಇಲ್ಲಿ ತೆರಿಗೆ ಕಟ್ಟಬೇಕಾ ಅತ್ತೆ ಎಂದು. ಪಾಠ ಮಾಡಿದವಳ ಬಾಯಿ ಸುಮ್ಮನಿರುತ್ತದೆಯೇ? ಹೇಳಿದೆ: ಬಹಳ ವರ್ಷ ಹೊರಗಿದ್ದು ಬಂದವರನ್ನು ನಮ್ಮ ಕಾನೂನು ಎರಡು ಮೂರು ವರ್ಷ 'ಸಾಮಾನ್ಯ ನಿವಾಸಿಯಲ್ಲದ ನಿವಾಸಿ' ಎಂದು ಕರೆಯುತ್ತದೆ. ಇಲ್ಲಿ ವಾಸ ಇದ್ದೂ ಪೂರ್ತಿ ಇಲ್ಲಿಯವರಲ್ಲ. ಅಷ್ಟು ದಿನ ಹೊರಗಿನ ಆದಾಯಕ್ಕೆ ಇಲ್ಲಿ ತೆರಿಗೆ ಇಲ್ಲ, ವಿದೇಶಿ ಆಸ್ತಿಯ ಪಟ್ಟಿಯನ್ನೂ ರಿಟರ್ನಿನಲ್ಲಿ ಕೊಡಬೇಕಾಗಿಲ್ಲ. ಅವನ ಮುಖ ಅರಳಿತು. ಸ್ವಲ್ಪ ದೂರ ನಡೆದ ಮೇಲೆ ಕೇಳಿದ, "ಅಂದ್ರೆ ನಾನೂ ಒಂಥರಾ ನಾನ್-ಡಾಮಾ?"

ಅಂಥದ್ದೇನಲ್ಲ, ಕಾನೂನಿನಲ್ಲೇ ಇದೆ, ಅಂದೆ ನಾನು. ಅಂದ ಮೇಲೆ ಈ ಮಾತನ್ನು ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು. ಅಷ್ಟರಲ್ಲಿ ಗುಡಿಯ ಕಡೆಯಿಂದ ವಂತಿಗೆ ಪುಸ್ತಕ ಹಿಡಿದ ಹುಡುಗರು ಎದುರಾದರು. ಪುಸ್ತಕದ ರಟ್ಟಿಗೆ ಈಗ ಕ್ಯೂಆರ್ ಕೋಡ್ ಅಂಟಿಸಿದ್ದಾರೆ. ಅವರಲ್ಲೊಬ್ಬ ನನ್ನ ಸೋದರಳಿಯನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ:

"ಯಾವೂರಾಯ್ತು ಅಣ್ಣ?"